ಕುರ್ಚಿ ಲೆಕ್ಕ

ಮದುವೆಗಾದರೆ ಐನೂರು, ತಿಥಿಗೆ ನೂರೈವತ್ತು,
ನಾಮಕರಣಕ್ಕೆ ಎಂಬತ್ತು ಸಾಕು.
ಗ್ರಾಮಸಭೆಗೆ ಎಷ್ಟು ಬೇಕೆಂದು
ಇಪ್ಪತ್ತೆರಡು ವರ್ಷವಾದರೂ ಅಂದಾಜು ಹತ್ತಿಲ್ಲ.
ಪಂಚಾಯ್ತಿಯವರು ನೂರು ಅನ್ನುತ್ತಾರೆ,
ನೂರೇ ಇಳಿಸುತ್ತೇನೆ.
ಬಿಲ್ಲಿನಲ್ಲಿ ಅದು ಇನ್ನೂರಾಗಿರುತ್ತದೆ;
ಆ ಕೈಬರಹ ನನ್ನದಲ್ಲ.

ಪೆನ್ಷನ್ ಮೊಹಲ್ಲಾದಲ್ಲಿ ನನ್ನ ಗೋಡೌನು.
ಅಬ್ಬಾ ಕಾಲದಲ್ಲಿ ಕಬ್ಬಿಣದವು, ಮಡಚುವವು,
ಕೂತವರ ಬೆರಳು ಕಚ್ಚುತ್ತಿದ್ದವು.
ಈಗ ಪ್ಲಾಸ್ಟಿಕ್ಕು, ಕೆಂಪು,
ತಕರಾರಿಲ್ಲದೆ ಒಂದರೊಳಗೊಂದು ಕೂರುತ್ತವೆ.

ಪಾಳ್ಯದ ಆಚೆ ಒಂದೂರು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ.
ಆಲೂಗಡ್ಡೆ ಬಿತ್ತನೆಯ ವಾರ, ಮೇಲೆ ಮೋಡ ಬೇರೆ.
ಹನ್ನೊಂದಕ್ಕೆ ಬರಬಲ್ಲವರು
ಹನ್ನೊಂದಕ್ಕೆ ಕೆಲಸವಿಲ್ಲದವರು.
ಮುಂದಿನ ಎರಡು ಸಾಲು ತಾವಾಗಿ ತುಂಬಿದವು,
ಬಿಳಿ ಅಂಗಿ, ಹೆಗಲ ಮೇಲೆ ಮಡಿಚಿದ ಟವೆಲು.
ಸಂಘದ ಹೆಂಗಸರು ಜಗಲಿಗೆ ಒತ್ತಿಕೊಂಡು ನೆಲದಲ್ಲಿ.
ಕಾಲೊನಿಯವರು ಹೊಂಗೆಯ ಕೆಳಗೆ, ನಿಂತೇ.
ನಡುವೆ ನನ್ನ ಅರವತ್ತು ಕುರ್ಚಿ ಖಾಲಿ,
ದೋಣಿಯಿಲ್ಲದ ಹೊಳೆಯ ಹಾಗೆ.

ಆಗ ನಿಂಗಾಜಮ್ಮ ಟೆಂಪೋ ಹತ್ತಿರ ಬಂದಳು,
ಶುಂಠಿ ಹೊಲದ ಒಂದು ದಿನದ ಕೂಲಿ ಬಿಟ್ಟು ಬಂದವಳು.
"ಸಾಬ್ರೇ, ಕುರ್ಚಿಗೆ ಬಾಡಿಗೆ ಎಷ್ಟು?"
"ಎಂಟು ರೂಪಾಯಿ."
ಸೆರಗಿನ ಗಂಟು ಬಿಚ್ಚಿ ಹತ್ತು ಕೊಟ್ಟಳು.
ಚಿಲ್ಲರೆಗೆ ಕಾಯಲಿಲ್ಲ.
ಒಂದು ಕುರ್ಚಿ ಸೊಂಟಕ್ಕೆ ಬಿಂದಿಗೆಯಂತೆ ಏರಿಸಿಕೊಂಡು
ನೇರ ಮುಂದಕ್ಕೆ ಹೋಗಿ
ಎರಡು ಬಿಳಿ ಅಂಗಿಗಳ ನಡುವೆ ಹಾಕಿ ಕೂತಳು.
ಯಾರೋ ಕೆಮ್ಮಿದರು. ಯಾರೋ "ಏನಮ್ಮೀ" ಅಂದರು.
"ದುಡ್ಡು ಕೊಟ್ಟಿವ್ನಿ. ಸಾಬ್ರನ್ನ ಕೇಳಿ."
ಊರಿಗೆ ಊರೇ ನನ್ನ ಕಡೆ ತಿರುಗಿತು.
ಸುಳ್ಳು ಯಾಕೆ, ಹಗ್ಗ ಸುತ್ತುವುದರಲ್ಲಿ
ಒಂದು ಗಳಿಗೆ ನಾನು ಮುಳುಗಿಯೇ ಹೋದೆ.
ಆಮೇಲೆ ತಲೆಯಾಡಿಸಿದೆ.

ಮಸಣದ ದಾರಿ ಕೇಳಿದಳು.
ಮಳೆಗಾಲದಲ್ಲಿ ಹೆಣ ಹೊತ್ತವರು
ಕೆರೆಕೋಡಿಯಲ್ಲಿ ಎದೆಮಟ್ಟ ಇಳಿಯಬೇಕಂತೆ,
ಮಾವನ ಚಟ್ಟ ಒಮ್ಮೆ ತೇಲಿತಂತೆ.
ಪಿಡಿಒ ಬರೆದುಕೊಂಡರು.
ಬರೆದದ್ದು ಎಲ್ಲಿಗೆ ಹೋಯಿತೋ,
ನಾನು ಕುರ್ಚಿಯವನು.

ಇತ್ತ ಹಾಸನದಲ್ಲಿ, ರಿಂಗ್ ರಸ್ತೆಯ ಪಕ್ಕದ ಬಡಾವಣೆ.
ಭಾನುವಾರ ಸಂಜೆ ವಾರ್ಡ್ ಸಭೆ. ಐವತ್ತು ಕುರ್ಚಿ, ಏಳು ಜನ.
ಇಲ್ಲಿ ಯಾರೂ ಯಾರನ್ನೂ ಎಬ್ಬಿಸುವುದಿಲ್ಲ,
ಕೂರಿಸುವುದೂ ಇಲ್ಲ.
ನಿವೃತ್ತ ಎಂಜಿನಿಯರ್ ಧರಣೇಂದ್ರಯ್ಯನವರು
ಚರಂಡಿಯ ಇಳಿಜಾರಿನ ನಕ್ಷೆ ತಂದಿದ್ದರು,
ಇದು ಹನ್ನೊಂದನೇ ಸಲ,
ನೋಡುವವರಿಲ್ಲದೆ ಖಾಲಿ ಕುರ್ಚಿಗಳ ಮೇಲೆ ಹರಡಿದರು.
ಗಾಳಿಗೆ ಹಾರದಂತೆ ನಾನೇ ಹಿಡಿದುಕೊಂಡೆ.
ಅದರಲ್ಲಿ ನೀರು ಎಷ್ಟು ಚೆನ್ನಾಗಿ ಹರಿಯುತ್ತಿತ್ತು!

ಮಹಡಿ ಮೆಟ್ಟಿಲಲ್ಲಿ ನರ್ಸ್ ಜೆಸಿಂತಾ,
ರಾತ್ರಿಪಾಳಿಗೆ ಹೊರಟವಳು, ನೋಡುತ್ತ ನಿಂತಿದ್ದಳು.
"ಬನ್ನಿ, ಕೂತ್ಕೊಳ್ಳಿ" ಅಂದೆ, ಬಾಯಿ ತಪ್ಪಿ.
"ನಾನು ಬಾಡಿಗೆಯವಳು. ವೋಟು ಮೂಡಿಗೆರೆಯಲ್ಲಿದೆ."
ಚರಂಡಿ ನೀರು ಅವಳ ಸ್ಕೂಟರಿನ ಚಕ್ರ ಮುಟ್ಟಿತ್ತು,
ವೋಟು ಎಲ್ಲಿದೆ ಎಂದು ಕೇಳದೆ.
ಅಲ್ಲೊಬ್ಬಳು ಬಾಡಿಗೆ ಕೊಟ್ಟೇ ಕೂತಳು ಕಣಮ್ಮ,
ಅನ್ನಬೇಕೆನಿಸಿತು.
ಅಷ್ಟರಲ್ಲಿ ಸ್ಕೂಟರು ಹೊರಟಿತ್ತು.

ಮೊನ್ನೆ ನಮ್ಮ ಮೊಹಲ್ಲಾದ ಸಭೆ. ಅದಕ್ಕೂ ನನ್ನವೇ, ಮೂವತ್ತು.
ನಮ್ಮ ಬೀದಿಯ ದೀಪ ಕೆಟ್ಟು ಎಂಟು ತಿಂಗಳು.
ಎಂದಿನಂತೆ ಟೆಂಪೋಗೆ ಒರಗಿ ನಿಂತೆ.
ಲೋಕಕ್ಕೆಲ್ಲ ಕುರ್ಚಿ ಹಾಕಿದವನು
ಒಂದು ಸಭೆಯಲ್ಲೂ ಕೂತವನಲ್ಲ.
ಜೇಬಿಗೆ ಕೈಹಾಕಿದರೆ ಎರಡು ರೂಪಾಯಿ ನಾಣ್ಯ,
ಅವಳಿಗೆ ಕೊಡಬೇಕಾದದ್ದು,
ಬೇರೆ ಚಿಲ್ಲರೆಯ ಜೊತೆ ಬೆರೆತರೂ
ಅದೇ ಅನಿಸುತ್ತದೆ.

ಹಿಂದಿನ ಸಾಲಿನ ಒಂದು ಕುರ್ಚಿ ಎಳೆದೆ.
ಅದರ ಕಾಲು ಸೀಳಿತ್ತು.
ಇನ್ನೊಂದು ಎಳೆದೆ.